ಆಶ್‌ಮೂರಿನ ಹುಡುಗನ ಕಾಮಾಲೆ

ನರಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಲಾವುದ್ದೀನನ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪಿನ ಮೋಟಾರಿನಿಂದ ಕರಕಾದ ತಾಮ್ರದ ತಂತಿ ಕಿತ್ತು, ಹೊಸ ತಂತಿಯನ್ನು ಸುತ್ತು ಎಣಿಸಿ ಕೂರಿಸಿ, ವಾರ್ನಿಷ್ ಹೊಯ್ದು ಒಣಗಲು ಬಿಡುವುದು ಅವನ ಕಸುಬು. ವಾರ್ನಿಷ್ ಒಣಗಲು ನಾಲ್ಕು ತಾಸು ಬೇಕು. ಆ ನಾಲ್ಕು ತಾಸಿನಲ್ಲಿ ಮನುಷ್ಯ ಏನು ಮಾಡಬೇಕು ಎಂಬ ಪ್ರಶ್ನೆಗೆ ಅವನ ಅಪ್ಪ ಜಂಗ್ಲಿಸಾಬ ಬದುಕಿರುವ ತನಕ ನಿದ್ದೆಯನ್ನೇ ಉತ್ತರವಾಗಿ ಇಟ್ಟುಕೊಂಡಿದ್ದ. ಮಗನಿಗೆ ಹಗಲು ನಿದ್ದೆ ಬರುತ್ತಿರಲಿಲ್ಲ. ೨೦೦೩ರಲ್ಲಿ ಹುಬ್ಬಳ್ಳಿಯ ಭಾವ ತನ್ನ ಹಳೆಯ ಕಂಪ್ಯೂಟರನ್ನು ತಂದು ಅಂಗಡಿಯ ಮೂಲೆಯಲ್ಲಿಟ್ಟು, "ಬಿಲ್ ಹೊಡಿಯಾಕ ಆಗ್ತೈತಿ" ಎಂದು ಹೇಳಿ ಹೋದ. ಅದರೊಳಗೆ ಬಿಲ್ ಹೊಡೆಯುವ ವ್ಯವಸ್ಥೆ ಇರಲಿಲ್ಲ. ಆಶ್‌ಮೂರ್ ಎಂಬ ಆಟ ಇತ್ತು.

ಆಶ್‌ಮೂರ್ ಒಂದು ರಾಜ್ಯ. ಆಡುವವನು ಅಲ್ಲಿಗೆ ಬಂದಿಳಿಯುವ ಪರದೇಶಿ ವೀರ. ಕತ್ತಿ ಹಿಡಿದು ಊರೂರು ತಿರುಗಬೇಕು, ಎದುರಾದವರನ್ನು ಮಾತಾಡಿಸಬೇಕು, ಅವರು ಹೇಳಿದ ಕೆಲಸ ಮಾಡಿಕೊಡಬೇಕು, ಕೊನೆಗೆ ಲೋಕವನ್ನು ಉಳಿಸಬೇಕು. ವೀರನ ಹೆಸರಿಗೆ ಇಂಗ್ಲಿಷಿನ ಎಂಟೇ ಅಕ್ಷರ ಹಿಡಿಸುತ್ತಿದ್ದವು. ಹಾಗಾಗಿ ಸಲಾವುದ್ದೀನ ಅಲ್ಲಿ 'ಸಲಾವುದ್ದಿ' ಆದ. ದಿನಾ ಮಧ್ಯಾಹ್ನದ ನಮಾಜು ಮುಗಿಸಿ, ಮೋಟಾರಿಗೆ ವಾರ್ನಿಷ್ ಹೊಯ್ದು, ಅವನು ಆಶ್‌ಮೂರಿಗೆ ಹೋಗುತ್ತಿದ್ದ. ವಾಸನೆ ಆರುವ ಹೊತ್ತಿಗೆ ವಾಪಸು ಬರುತ್ತಿದ್ದ. ಅವನು ಒಳ್ಳೆಯ ವೀರನೇನೂ ಆಗಿರಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾರು ಏನು ಕೇಳಿದರೂ ಮೇಲಿನ ಗುಂಡಿ ಒತ್ತಿ ಹ್ಞೂಂ ಎಂದು ಮುಂದೆ ಸಾಗಿಬಿಡುತ್ತಿದ್ದ. ತೋಳಗಳನ್ನು ಕೊಲ್ಲುವುದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಅವನ ತಾಯಿ ಜುಲೇಖಾ ನರಗುಂದದಲ್ಲಿ ಕಾಮಾಲೆಗೆ ಔಷಧ ಕೊಡುವವಳು. ಗುರುವಾರ ಮತ್ತು ರವಿವಾರ ಬೆಳಗಾಗುವ ಮೊದಲೇ ಅವಳ ಕಟ್ಟೆಯ ಮೇಲೆ ಹಳದಿ ಕಣ್ಣಿನವರು ಸಾಲಾಗಿ ಕೂತಿರುತ್ತಿದ್ದರು. ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಮಾತು ತೆಗೆದುಕೊಳ್ಳುತ್ತಿದ್ದಳು. ನಲವತ್ತು ದಿನ ಎಣ್ಣೆ ಮುಟ್ಟುವುದಿಲ್ಲ, ಬಿಸಿಲಲ್ಲಿ ತಿರುಗುವುದಿಲ್ಲ ಎಂದು ಮಾತು ಕೊಟ್ಟವರಿಗೆ ಮಾತ್ರ ಔಷಧದ ಬಟ್ಟಲು.

ಒಂದು ಮಧ್ಯಾಹ್ನ ಮಗನಿಗೆ ಬುತ್ತಿ ತಂದ ಜುಲೇಖಾ ಮಾನಿಟರಿನ ಮುಂದೆ ನಿಂತುಬಿಟ್ಟಳು. ಪರದೆಯ ಮೇಲೆ ಒಬ್ಬಳು ಮುದುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಸಲಾವುದ್ದೀನನ ಹೆಂಡತಿ ಅಫ್ರೀನ ಸಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಅತ್ತೆಯ ಜೊತೆಗೇ ಬಂದಿದ್ದಳು.

"ಯಾಕ ಅಳ್ತಾಳವಾ ಈಕಿ?" ಎಂದು ಜುಲೇಖಾ ಕೇಳಿದಳು.

ಅಫ್ರೀನ ಓದಿ ಹೇಳಿದಳು. "ಮೊಮ್ಮಗಗ ಆರಾಮಿಲ್ಲಂತ. ಇವರು ಔಷಧ ತಂದ ಕೊಡ್ತೀನಿ ಅಂತ ಮಾತ ಕೊಟ್ಟಾರಂತ. ಎಲ್ಲೆ ಔಷಧ ಅಂತ ಕೇಳ್ತಾಳ."

"ಯಾವಾಗ ಕೊಟ್ಟೀ?"

ಸಲಾವುದ್ದೀನ ತುತ್ತು ನುಂಗಿ ಲೆಕ್ಕ ಹಾಕಿದ. "ರಮಜಾನ್‌ಕಿಂತ ಮೊದಲ ಇರಬೇಕು."

"ಎಂಟ ತಿಂಗಳಾತು!"

"ಅಮ್ಮಾ, ಅದು ಆಟ. ಆಕಿ ಖರೇ ಮುದಿಕಿ ಅಲ್ಲ, ಚಿತ್ರ."

"ಚಿತ್ರ ಅಂತ ನನಗೂ ಗೊತ್ತೈತಿ. ನನ್ನ ಕಣ್ಣೇನು ಹೋಗ್ಯಾವೇನು? ನೀ ಕೊಟ್ಟ ಮಾತೂ ಚಿತ್ರಾನ?"

ಹುಡುಗ ಎಲ್ಲಿದ್ದಾನೆ ತೋರಿಸು ಎಂದು ತಾಯಿ ಹಟ ಹಿಡಿದಳು. ಅವನು ಮುದುಕಿಯ ಗುಡಿಸಲಿನ ಒಳಗೆ ಹೋದ. ಹುಲ್ಲಿನ ಹಾಸಿಗೆಯ ಮೇಲೆ ಹತ್ತು ವರ್ಷದ ಹುಡುಗ ಮಲಗಿದ್ದ. ಜುಲೇಖಾ ಸೆರಗಿನಿಂದ ಗಾಜು ಒರೆಸಿ, ಬಗ್ಗಿ ನೋಡಿದಳು.

"ಕಾಮಣಿ," ಎಂದಳು. "ನೋಡು, ಮೈಯೆಲ್ಲಾ ಹಳದಿ. ಕಣ್ಣೂ ಹಳದಿ."

ಹುಡುಗ ಹಳದಿಯಾಗಿದ್ದದ್ದು ನಿಜ. ಮುದುಕಿಯೂ ಹಳದಿ, ಗೋಡೆಯೂ ಹಳದಿ, ಹೊರಗಿನ ಹಂಸಗಳೂ ಹಳದಿ. ಆದರೆ ಜುಲೇಖಾಳ ವೈದ್ಯಕ್ಕೆ ಹಂಸಗಳು ಸೇರಿರಲಿಲ್ಲ.

"ಏನ್ ಔಷಧ ತಾ ಅಂತಾಳ ಆಕಿ?"

"ಕರಿಗುಡ್ಡದ ಕಡೆ ಬೆಳಿಯೋ ನೀಲಿ ಪಾಚಿ," ಎಂದಳು ಅಫ್ರೀನ.

"ಕಾಮಣಿಗೆ ಪಾಚಿ? ಯಾವ ಹಕೀಮ ಹೇಳಿದ ಈಕಿಗೆ?" ಜುಲೇಖಾ ಬಹಳ ಹೊತ್ತು ಯೋಚಿಸಿದಳು. ಕೊನೆಗೆ, "ಇರ್ಲಿ. ಅಸಮೂರಾಗ ಹಂಗ ಇರಬಹುದು. ನೀ ಮಾತ ಕೊಟ್ಟಿದ್ದು ಪಾಚಿಗೆ, ಪಾಚೀನ ಕೊಡು. ಹುಡುಗನ ಹೆಸರೇನು?" ಎಂದಳು.

"ಬ್ಯಾರಿ... ಇಲ್ಲ, ಬರ್ರಿ ಅಂತ ಓದಬೇಕೇನೋ," ಎಂದಳು ಅಫ್ರೀನ.

"ಬರ್ರಿ! ಮಗಗ ಬರ್ರಿ ಅಂತ ಹೆಸರಿಟ್ಟಾರಂದ್ರ ದೊಡ್ಡ ಮನಸಿನ ಮಂದಿ. ಲಗೂ ತಂದ ಕೊಡು."

ಅಂದಿನಿಂದ ಸಲಾವುದ್ದೀನನ ಕಷ್ಟ ಶುರುವಾಯಿತು. ಕರಿಗುಡ್ಡದಲ್ಲಿ ಪಾಚಿಗೆ ಬರವಿರಲಿಲ್ಲ. ಹಸಿರು ಪಾಚಿ ಇತ್ತು, ಕೆಂಪು ಪಾಚಿ ಇತ್ತು, ಬಹಳಷ್ಟು ಕಪ್ಪು ಪಾಚಿ ಇತ್ತು. ನೀಲಿಯದು ಮಾತ್ರ ಇರಲಿಲ್ಲ. ಕಪ್ಪು ಔಷಧವಾಗಲಾರದು ಎಂದು ಅದನ್ನು ಬಿಟ್ಟು, ಅವನು ಉಳಿದವನ್ನು ಒಂದೊಂದಾಗಿ ಕಿತ್ತು ತಂದು ಮುದುಕಿಯ ಮುಂದೆ ಹಿಡಿದ. ಅವಳು ಪ್ರತಿ ಸಲವೂ "ಇದಲ್ಲ" ಎಂದು ಮತ್ತೆ ಅಳಲು ಕೂತಳು. ಗುರುವಾರದ ರೋಗಿಗಳನ್ನು ಕಳಿಸಿ ನೇರವಾಗಿ ಅಂಗಡಿಗೆ ಬರುತ್ತಿದ್ದ ಜುಲೇಖಾ, "ಒಂದ ಸಲ ಕುಡಿಸಿ ನೋಡವಾ, ಮುಂದ ಮಾತಾಡೋಣು" ಎಂದು ಪರದೆಗೆ ಬುದ್ಧಿ ಹೇಳುತ್ತಿದ್ದಳು.

ಇದರ ನಡುವೆ ಗುರುಸಂಗಪ್ಪನ ಮೋಟಾರು ಸುಟ್ಟಿತು. ಗುರುಸಂಗಪ್ಪ ಪಕ್ಕದ ಹಳ್ಳಿಯ ರೈತ, ಮೂರು ಎಕರೆ ಮೆಣಸಿನಗಿಡ ಹಾಕಿದ್ದ. ಮೋಟಾರು ಕೊಟ್ಟು ಆರು ದಿನವಾದರೂ ಕೈಗೆ ಬಾರದಿದ್ದಾಗ ಅವನು ಬೈಯಲೆಂದೇ ಬಸ್ಸು ಹತ್ತಿ ಬಂದ.

"ಏನಪಾ ಸಲಾವುದ್ದೀನಾ, ನನ್ನ ಗಿಡಾ ಒಣಗ್ಲಿ ಅಂತ ಮಾಡೀ ಏನು?"

"ಗೌಡ್ರ, ಕುಂದರ್ರಿ. ಒಂದ ಪಾಚಿ ಸಿಗವಲ್ದು."

ಸಲಾವುದ್ದೀನ ಎಲ್ಲ ಹೇಳಿದ. ಗುರುಸಂಗಪ್ಪ ಕೂತು ಕೇಳಿದ. ಅವನ ಮಗಳು ಶಾಂಭವಿಯೂ ಒಮ್ಮೆ ಕಾಮಾಲೆಯಾಗಿ ಜುಲೇಖಾ ಚಾಚಿಯ ಬಟ್ಟಲಿನಿಂದಲೇ ಎದ್ದವಳು. ಅವನು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಹುಡುಗಂದು ಜೀವದ ಮಾತು. ನೀ ಪಾಚಿ ನೋಡು, ಮೋಟಾರ್ ನಾ ಸುತ್ತತೀನಿ" ಎಂದ. ಅವನಿಗೆ ಮೋಟಾರು ಸುತ್ತಲು ಬರುತ್ತಿರಲಿಲ್ಲ. ಆದರೂ ಆ ಮಧ್ಯಾಹ್ನ ಸಲಾವುದ್ದೀನ ಗುಡ್ಡ ಹತ್ತುತ್ತ, "ಇನ್ನ ಎಂಟ ಸುತ್ತ ಹಾಕ್ರಿ ಗೌಡ್ರ" ಎನ್ನುತ್ತ ಹೋದ. ಗುರುಸಂಗಪ್ಪ ಸುತ್ತುತ್ತ, "ಆ ಬಂಡಿ ಹಿಂದ ನೋಡು" ಎನ್ನುತ್ತ ಹೋದ. ಸಂಜೆಗೆ ಮೋಟಾರು ಹಿಂದಕ್ಕೆ ತಿರುಗಿತು. ಮರುದಿನ ಸಲಾವುದ್ದೀನನೇ ಅದನ್ನು ಬಿಚ್ಚಿ ಮತ್ತೆ ಸುತ್ತಬೇಕಾಯಿತು. ಪಾಚಿ ಸಿಗಲಿಲ್ಲ.

ಬಗೆಹರಿಸಿದವಳು ಅಫ್ರೀನ. ಅವಳ ಸಾಲೆಗೆ ಆ ವರ್ಷ ಕಂಪ್ಯೂಟರ್ ಬಂದವು. ಒಂದು ಸಂಜೆ ಅವಳು ನೇರ ಅಂಗಡಿಗೆ ಬಂದು, ಚೀಲವನ್ನೂ ಇಳಿಸದೆ ಗಂಡನ ಮಾನಿಟರನ್ನು ದಿಟ್ಟಿಸಿದಳು.

"ನೋಡ್ರಿ ಇಲ್ಲಿ. ನಿಮ್ಮ ಆಟದಾಗ ಆಕಾಶ ಯಾವ ಬಣ್ಣ ಐತಿ?"

"ಕರೇದು."

"ಹಗಲಿನ್ಯಾಗೂ?"

"ಹ್ಞೂಂ. ಶಾಪ ಐತಿ ಆ ರಾಜ್ಯಕ್ಕ. ಅದಕ್ಕ ಹಂಗ ಅಂತ ತಿಳದಿದ್ದೆ."

"ಶಾಪ ಅಲ್ಲರಿ, ವೈರ್ ಹೋಗೇತಿ. ನಮ್ಮ ಸಾಲಿ ಕಂಪ್ಯೂಟರಿನ್ಯಾಗ ಆಕಾಶ ನೀಲಿ ಕಾಣ್ತೈತಿ, ಬಿಳೇದು ಬಿಳೇದ ಕಾಣ್ತೈತಿ. ನಿಮ್ಮದರಾಗ ನೀಲಿ ಅನ್ನೋ ಬಣ್ಣಾನ ಇಲ್ಲ."

ಸಲಾವುದ್ದೀನ ಮಾನಿಟರಿನ ತಂತಿಯನ್ನು ಕೈಗೆತ್ತಿಕೊಂಡ. ಕೂದಲಿಗಿಂತ ತೆಳುವಾದ ತಂತಿ ಎಲ್ಲಿ ತುಂಡಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು ಅವನು. ಒಂದು ವರ್ಷದಿಂದ ಮೂಗಿನ ಮುಂದಿದ್ದ ತಂತಿಯನ್ನು ನೋಡಿರಲಿಲ್ಲ. ತಲೆ ಎತ್ತದೆ ಕೇಬಲ್ ಸೀಳಿ, ಮುರಿದ ತಂತಿ ಹುಡುಕಿ, ಬೆಸುಗೆ ಹಾಕಿದ. ಹತ್ತು ನಿಮಿಷದ ಕೆಲಸ. ಮಾನಿಟರ್ ಹಚ್ಚಿದಾಗ ಆಶ್‌ಮೂರಿನಲ್ಲಿ ಬೆಳಗಾಗಿತ್ತು. ಆಕಾಶ ನೀಲಿ, ಕೆರೆ ನೀಲಿ, ಹಂಸಗಳು ಬೆಳ್ಳಗೆ. ಅವನು ಓಡಿ ಗುಡಿಸಲಿನೊಳಗೆ ಹೋದ. ಹುಡುಗನ ಕೆನ್ನೆ ಕೆಂಪಗಿತ್ತು.

ಜುಲೇಖಾಳನ್ನು ಕರೆಸಿದರು. ಅವಳು ಹುಡುಗನ ಕಣ್ಣು ನೋಡಿದಳು, ಉಗುರು ನೋಡಿದಳು.

"ಇಳದೈತಿ," ಎಂದಳು.

"ಅಮ್ಮಾ, ಇಳದಿದ್ದು ಕಾಮಣಿ ಅಲ್ಲ, ವೈರ್..."

"ಯಾತರಿಂದರ ಇಳೀಲಿ. ಇಳದೈತಿಲ್ಲೋ?"

ಪಾಚಿಯೂ ಸಿಕ್ಕಿತು. ಕರಿಗುಡ್ಡದವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಮುದುಕಿಯ ಹಿತ್ತಲಿನ ಬಾವಿಯ ಕಲ್ಲಿಗೆ ಅದು ಮೊಣಕೈಯುದ್ದ ಬೆಳೆದಿತ್ತು. ಅವಳು ಪಾಚಿಯನ್ನು ಕಣ್ಣಿಗೊತ್ತಿಕೊಂಡು, ವೀರನಿಗೆ ಒಂದು ಮರದ ಸೌಟು ಇನಾಮು ಕೊಟ್ಟಳು. ಹುಡುಗ ಹಾಸಿಗೆಯಿಂದೆದ್ದು, ತಾನು ದೊಡ್ಡವನಾಗಿ ರಾಜನ ಸೇವೆಗೆ ಸೇರುತ್ತೇನೆ ಎಂದು ಹೇಳಿ, ಬಾಗಿಲು ದಾಟಿ ಬಿಸಿಲಿಗೆ ಓಡಿಹೋದ. ಮತ್ತೆ ಎಲ್ಲಿಯೂ ಕಾಣಲಿಲ್ಲ. ಜುಲೇಖಾ ಬಾಗಿಲ ಕಡೆ ನೋಡುತ್ತಲೇ ಇದ್ದಳು.

"ನಲವತ್ತ ದಿನದ ಪತ್ಯ ಯಾರೂ ಹೇಳಲಿಲ್ಲಲ್ಲೋ ಅಂವಗ," ಎಂದಳು.

ಆ ಚಿಂತೆ ಅವಳನ್ನು ಮೂರು ವರ್ಷ ಬಿಡಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಪಥ್ಯ ಹೇಳುವಾಗಲೆಲ್ಲ, "ನಮ್ಮ ಸಲಾವುದ್ದೀನಗ ಗೊತ್ತಿದ್ದ ಹುಡುಗೊಬ್ಬ ಹಂಗ ಬಿಸಲಿಗೆ ಓಡಿಹೋದ, ಮುಂದ ಏನಾತೋ" ಎನ್ನುತ್ತಿದ್ದಳು. ಯಾವ ಊರಿನವನು ಎಂದು ಕೇಳಿದರೆ ಅಸಮೂರು ಎನ್ನುತ್ತಿದ್ದಳು. ಬಾದಾಮಿಯ ಕಡೆ ಇರಬೇಕು ಎಂದು ಜನ ತಮಗೆ ತಾವೇ ತಿಳಿದುಕೊಳ್ಳುತ್ತಿದ್ದರು.

೨೦೦೭ರಲ್ಲಿ ಗಜೇಂದ್ರಗಡದಿಂದ ಖಾದರನ ಫೋನು ಬಂತು. ಖಾದರ ಜುಲೇಖಾಳ ತಂಗಿಯ ಮಗ, ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಹೊಸ ಕಂಪ್ಯೂಟರ್ ತಂದಿದ್ದ, ಅದರ ಮೇಲೆ ಆಶ್‌ಮೂರಿನ ಎರಡನೆಯ ಭಾಗ ಹಾಕಿದ್ದ. "ಇಪ್ಪತ್ತ ವರ್ಷದ ಮುಂದಿನ ಕಥಿ ಅದು. ನಿನ್ನ ಹಳೇ ಡಬ್ಬಿಯೊಳಗ ಇದು ನಡಿಯಂಗಿಲ್ಲ, ಇಲ್ಲೇ ಬಾ," ಎಂದ.

ಸಲಾವುದ್ದೀನ ಇದನ್ನು ಮನೆಯಲ್ಲಿ ಹೇಳಬಾರದಿತ್ತು. ಇಪ್ಪತ್ತು ವರ್ಷದ ಮುಂದಿನ ಕಥೆ ಎಂದದ್ದೇ ತಡ, ಜುಲೇಖಾ ಬುರ್ಖಾ ತೊಟ್ಟು ನಿಂತಳು. "ಹಂಗಾರ ಹುಡುಗ ಈಗ ಮೂವತ್ತರಂವ ಆಗಿರಬೇಕು. ನಡಿ, ನೋಡಿ ಬರೋಣು."

ಶುಕ್ರವಾರ ಅಂಗಡಿ ಮುಚ್ಚಿ ಮೂವರೂ ಹೊರಟರು. ರೋಣದಲ್ಲಿ ಬಸ್ಸು ಬದಲಿಸಿದರು. ಅಲ್ಲಿ ಜುಲೇಖಾ, ಬರಿಗೈಲಿ ಹ್ಯಾಂಗ ಹೋಗೂದು ಎಂದು ಒಂದು ಡಜನ್ ಬಾಳೆಹಣ್ಣು ಕೊಂಡಳು. ಯಾರಿಗೆ ಎಂದು ಕೇಳಲು ಮಗನಿಗೂ ಸೊಸೆಗೂ ಧೈರ್ಯ ಬರಲಿಲ್ಲ.

ಖಾದರ ತನ್ನ ಖಾಲಾ ಜುಲೇಖಾಳನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದ. ಗೋಡೆಯ ಮೇಲೆ ಬಣ್ಣದ ಜಲಪಾತದ ಪರದೆ, ಅದರ ಮುಂದೆ ಗಿರಾಕಿಗಳು ಕೂರುವ ಸ್ಟೂಲು, ಪಕ್ಕದಲ್ಲಿ ಕಂಪ್ಯೂಟರ್. ಹೊಸ ಆಟದಲ್ಲಿ ವೀರ ಒಂದು ಹಾಳು ಬಿದ್ದ ಬಯಲಿನಲ್ಲಿ ಇಳಿಯುತ್ತಿದ್ದ. ಎದುರಿಗೆ ದೊಡ್ಡ ಕೋಟೆ. ಒಳಗೆ ಲೋಕವನ್ನು ಸುಡಲು ಹೊರಟ ದುಷ್ಟ ರಾಜ. ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ. ಹೊಟ್ಟೆ ಬಂದಿತ್ತು, ಮೀಸೆ ಬಿಟ್ಟಿದ್ದ. ಸಲಾವುದ್ದೀನ ಹತ್ತಿರ ಹೋದಾಗ ತಲೆಯ ಮೇಲೆ ಹೆಸರು ಮೂಡಿತು.

ಅಫ್ರೀನ ಓದಿದಳು. "ಬರ್ರಿ."

ಜುಲೇಖಾ ಚಹಾದ ಕಪ್ಪು ಕೆಳಗಿಟ್ಟಳು. "ಅಂವನ! ಮೈ ಹಿಡದಾನ. ಕಣ್ಣ ನೋಡು, ಬೆಳ್ಳಗ ಅದಾವ. ಏನಂತಾನ?"

"ಒಳಗ ಯಾರಿಗೂ ಪರವಾನಗಿ ಇಲ್ಲ, ಹೋಗ್ರಿ ಅಂತಾನ."

"ಹೆಸರ ಬರ್ರಿ, ಹೇಳೂದು ಹೋಗ್ರಿ," ಎಂದು ಜುಲೇಖಾ ನಕ್ಕಳು. ಕಣ್ಣು ಒರೆಸಿಕೊಂಡಳು. "ಇರ್ಲಿ. ಡ್ಯೂಟಿ ಮಾಡ್ತಾನ. ರಾಜನ ಸೇವಾ ಅಂದಿದ್ದ, ಸೇರ್ಯಾನ. ಮುಂದ ನಡಿ."

ಖಾದರ ಗಂಟಲು ಸರಿಮಾಡಿಕೊಂಡ. "ಖಾಲಾ, ಮುಂದ ಹೋಗಬೇಕಂದ್ರ ಅಂವನ್ನ ಕೊಲ್ಲಬೇಕು. ಬ್ಯಾರೆ ದಾರಿ ಇಲ್ಲ. ಎಲ್ಲಾರೂ ಹಂಗ ಹೋಗ್ತಾರ. ನಾನ ಹನ್ನೆರಡ ಸಲ ಕೊಂದೀನಿ."

ಜುಲೇಖಾ ಖಾದರನನ್ನು, ಅವನು ಹುಟ್ಟಿದ ದಿನ ನೋಡಿದ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹನ್ನೆರಡ ಸಲ," ಎಂದಳು.

"ಮೊದಲ ಸಲ ಕತ್ತೀಲೆ. ಆಮ್ಯಾಲ ಬ್ಯಾರೆ ಬ್ಯಾರೆ ಹತಾರ ಹ್ಯಾಂಗ ಅದಾವ ನೋಡೂ ಸಲುವಾಗಿ..."

"ಇವನ ಮನ್ಯಾಗ ನಾ ಚಾ ಕುಡಿಯಂಗಿಲ್ಲ," ಎಂದು ಜುಲೇಖಾ ಎದ್ದಳು.

ಅಂದು ಕೊನೆಯ ಬಸ್ಸಿನ ಹೊತ್ತಿಗೆ ಮಗ ಮತ್ತು ಖಾದರ ಇಬ್ಬರಿಂದಲೂ ಮಾತು ತೆಗೆದುಕೊಂಡೇ ಅವಳು ಹೊರಟಳು. ಔಷಧ ಕೊಟ್ಟ ಕೈ ಆ ಹುಡುಗನ ಮೇಲೆ ಏಳಬಾರದು. ಖಾದರನೂ ಹೊಸದಾಗಿ ಆಟ ಶುರು ಮಾಡಬೇಕು. ಒಳಗಿನ ರಾಜ ಲೋಕ ಸುಡುತ್ತಾನೆ ಎಂದು ಖಾದರ ಕೊನೆಯ ಪ್ರಯತ್ನ ಮಾಡಿದ. "ಎರಡ ತಾಸಿನಿಂದ ನೋಡಾಕತ್ತೀನಿ, ಒಂದ ಕಡ್ಡಿ ಸುಟ್ಟಿಲ್ಲ," ಎಂದಳು ಜುಲೇಖಾ. ಬಾಳೆಹಣ್ಣನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು ಹೋದಳು. ಅವನ್ನು ಖಾದರನ ಗಿರಾಕಿಗಳು ತಿಂದರು.

ಆಶ್‌ಮೂರಿನ ಎರಡನೆಯ ಭಾಗದಲ್ಲಿ ನೂರರಲ್ಲಿ ತೊಂಬತ್ತು ಪಾಲು ಇರುವುದು ಕೋಟೆಯ ಒಳಗೆ. ಹೊರಗೆ ಇರುವುದು ಬಯಲು, ಒಂದು ಕುರಿಹಟ್ಟಿ, ನಾಲ್ಕು ಸೇಬಿನ ಮರ ಮತ್ತು ತೋಳ. ಸಲಾವುದ್ದೀನ ಮುಂದಿನ ಒಂದೂವರೆ ವರ್ಷ, ಪ್ರತಿ ಶುಕ್ರವಾರ ನಮಾಜಾದ ಮೇಲೆ ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ ಬಸ್ಸು ಹಿಡಿದು ಹೋಗಿ, ಆ ಬಯಲಿನಲ್ಲಿ ಆಡಿ ಬಂದ. ಕುರಿಗಳ ಗುರುತು ಹಿಡಿದ. ಸೇಬು ಕಿತ್ತ. ತೋಳಗಳನ್ನು ಕೊಂದು ಕೊಂದು, ಆ ಆಟದಲ್ಲಿ ಯಾರೂ ಬಯಲಿನಲ್ಲಿದ್ದೇ ಮುಟ್ಟಿರದಷ್ಟು ಬಲಶಾಲಿಯಾದ. ದುಷ್ಟ ರಾಜನನ್ನು ಎಡಗೈಯಲ್ಲಿ ಹೊಡೆದು ಹಾಕಬಹುದಾದ ವೀರ, ಬಾಗಿಲಿನ ಹೊಟ್ಟೆಯವನ ಮುಂದೆ ನಿಂತು, "ಹೋಗ್ರಿ" ಎನ್ನಿಸಿಕೊಂಡು, ಹೋಗುತ್ತಿದ್ದ.

ಒಮ್ಮೆ ಮಾತ್ರ ಅವನ ಮನಸ್ಸು ಕೆಟ್ಟಿತು. ಖಾದರ ಯಾವುದೋ ಮದುವೆಯ ಫೋಟೋಗೆ ಹೋಗಿದ್ದ. ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಸಲಾವುದ್ದೀನ ಕತ್ತಿ ಹಿರಿದು ಬಾಗಿಲ ಮುಂದೆ ನಿಂತ. ಅಮ್ಮನಿಗೆ ಯಾರು ಹೇಳುತ್ತಾರೆ? ಕಾವಲುಗಾರ ಕತ್ತಿ ನೋಡಿಯೂ ಕದಲಲಿಲ್ಲ, ತುಸು ಕೆಮ್ಮಿದ. ಕಾವಲುಗಾರರೆಲ್ಲ ಹಾಗೆ ಕೆಮ್ಮುತ್ತಾರೆ, ಅದು ಆಟದ ವ್ಯವಸ್ಥೆ. ಆದರೆ ಸಲಾವುದ್ದೀನನಿಗೆ ಹುಲ್ಲಿನ ಹಾಸಿಗೆ ನೆನಪಾಗಿ, ಕತ್ತಿ ಒಳಗಿಟ್ಟ. ಹೊರಗೆ ಬಂದು ಒಂದು ಗ್ಲಾಸು ನೀರು ಕುಡಿದ.

ಆಮೇಲೆ ಅವನಿಗೆ ಹೊಳೆದದ್ದು ಗೋಡೆ. ಮೋಟಾರಿನ ಸುರುಳಿ ಎಲ್ಲಿ ಸುಟ್ಟಿದೆ ಎಂದು ಒಂದೊಂದೇ ತಂತಿ ಮುಟ್ಟಿ ನೋಡುವವನು ಅವನು. ಕೋಟೆಯ ಗೋಡೆಗೂ ಹಾಗೇ ಮಾಡಿದ. ಮೂಡಣ ಮೂಲೆಯಿಂದ ಹಿಡಿದು ಒಂದೊಂದೇ ಕಲ್ಲಿಗೆ ವೀರನನ್ನು ಒತ್ತಿ ನಿಲ್ಲಿಸಿ, ಮುಂದಕ್ಕೆ ನಡೆಸಿ, ಆಗದಿದ್ದರೆ ಪಕ್ಕದ ಕಲ್ಲಿಗೆ. ವಾರಕ್ಕೆ ಮೂವತ್ತು ನಲವತ್ತು ಕಲ್ಲು. "ಹುಚ್ಚ ಹಿಡದೈತಿ ನಿನಗ," ಎಂದು ಖಾದರ ಬೈದ. ನಾಲ್ಕನೆಯ ತಿಂಗಳು, ಒಂದು ಬುರುಜಿನ ಹಿಂದೆ, ಎರಡು ಕಲ್ಲುಗಳ ನಡುವೆ ವೀರನ ಭುಜ ಗೋಡೆಯೊಳಗೆ ಮುಳುಗಿತು. ಆಟ ಮಾಡಿದವರು ಅಲ್ಲಿ ಹೊಲಿಗೆ ಹಾಕುವುದನ್ನು ಮರೆತಿದ್ದರು. ಸಲಾವುದ್ದೀನ ಉಸಿರು ಹಿಡಿದು ಗುಂಡಿ ಒತ್ತಿದ. ವೀರ ಒಳಗೆ ಬಿದ್ದ.

ಒಳಗೆ ದೊಡ್ಡ ಅಂಗಳ. ಅಂಗಳದ ತುಂಬ ಜನ. ಯಾರೂ ಅಲುಗಾಡುತ್ತಿರಲಿಲ್ಲ. ಕಾವಲುಗಾರ ಸತ್ತ ಮೇಲೆಯೇ ಒಳಗಿನ ಕಥೆ ಶುರುವಾಗುವಂತೆ ಆಟವನ್ನು ಕಟ್ಟಿದ್ದರು. ಅದು ಶುರುವಾಗದ್ದರಿಂದ ಸೈನಿಕರು, ಅಡುಗೆಯವರು, ಮಂತ್ರಿಗಳು, ಎಲ್ಲರೂ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಹೊಲದ ಬೆರ್ಚಪ್ಪಗಳ ಹಾಗೆ ನೆಟ್ಟಗೆ ನಿಂತಿದ್ದರು. ಸಿಂಹಾಸನದ ಮುಂದೆ ದುಷ್ಟ ರಾಜನೂ ಹಾಗೇ ಕೈ ಚಾಚಿ ನಿಂತಿದ್ದ.

ಸಲಾವುದ್ದೀನ ಮೊಬೈಲು ತೆಗೆದು ಮನೆಗೆ ಹಚ್ಚಿದ. ಅಫ್ರೀನ ಎತ್ತಿ ಅತ್ತೆಗೆ ಕೊಟ್ಟಳು.

"ಅಮ್ಮಾ, ಒಳಗ ಬಂದೆ. ಅಂವಗ ಕೈ ಹಚ್ಚಿಲ್ಲ."

"ಚಲೋ ಆತು. ಒಳಗ ಯಾರ್‍ಯಾರ ಅದಾರ?"

"ಎಲ್ಲಾರೂ ಅದಾರ. ಎರಡೂ ಕೈ ಚಾಚಿ ನಿಂತಾರ."

"ಅಪ್ಪಿಕೊಳ್ಳಾಕ ನಿಂತಾರೇನು?"

ಸಲಾವುದ್ದೀನ ಪರದೆ ನೋಡಿದ. "ಹಂಗ ಕಾಣ್ತೈತಿ."

"ರಾಜಾನೂ?"

"ರಾಜಾನೂ."

"ನೋಡು ಮತ್ತ. ಖಾದರ ಏನೇನೋ ಹೇಳಿದ್ದ. ಇಷ್ಟ ದಿನ ಕಾಯಿಸೀದಿ ಅವರನ್ನ. ಹೋಗಿ ಎಲ್ಲಾರ್ನೂ ಮಾತಾಡಿಸಿ ಬಾ."

ಸಲಾವುದ್ದೀನ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತ. ಮೂವತ್ತೇಳು ಜನ. ಯಾರೂ ಏನೂ ಹೇಳಲಿಲ್ಲ. ರಾಜನ ತೋಳುಗಳ ನಡುವೆ ಒಂದು ಗಳಿಗೆ ನಿಂತಾಗ, ಬೇರೆ ಆಟಗಾರರು ಈ ಜಾಗದಲ್ಲಿ ಏನು ಮಾಡುತ್ತಾರೆ ಎಂಬುದು ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು. ಅವನ ಬೆನ್ನ ಹಿಂದೆ ಖಾದರ, ಸ್ಟೂಲಿನ ಮೇಲೆ ಪಾಸ್‌ಪೋರ್ಟ್ ಫೋಟೋಗೆ ಕೂತ ಹನಮಪ್ಪ ಮಾಸ್ತರರ ಗದ್ದವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ.

ಹೊರಡುವ ದಾರಿ ಸುಲಭವಿತ್ತು. ಕೋಟೆಯ ಬಾಗಿಲು ಒಳಗಿನಿಂದ ತಾನಾಗಿ ತೆರೆಯುತ್ತಿತ್ತು. ಕಾವಲುಗಾರ ಒಳಗಿನಿಂದ ಬಂದ ವೀರನನ್ನು ಕಂಡು ಪಕ್ಕಕ್ಕೆ ಸರಿದು, ಟೊಪ್ಪಿಗೆ ತೆಗೆದು, ಇಂಗ್ಲಿಷಿನಲ್ಲಿ ಏನೋ ಅಂದ. ಆ ಮಾತನ್ನು ಖಾದರ ಹನ್ನೆರಡು ಸಲ ಆಡಿಯೂ ಕೇಳಿರಲಿಲ್ಲ. ಹೇಳುವ ಅವಕಾಶವನ್ನು ಅವನು ಕಾವಲುಗಾರನಿಗೆ ಕೊಟ್ಟಿರಲಿಲ್ಲ. ಸಲಾವುದ್ದೀನ ಅಕ್ಷರ ಕೂಡಿಸಿ ಕೂಡಿಸಿ ಫೋನಿನಲ್ಲಿ ಓದಿದ, ಆ ಕಡೆಯಿಂದ ಅಫ್ರೀನ ಅತ್ತೆಗೆ ಅರ್ಥ ಹೇಳಿದಳು: ಸಾಹೇಬರ, ದಾರಿಯೊಳಗ ತ್ವಾಳ ಭಾಳ ಅದಾವ, ಹುಷಾರು.

"ನೀ ಏನಂದಿ?" ಎಂದಳು ಜುಲೇಖಾ.

ಏನಾದರೂ ಅನ್ನಲು ಆಟದಲ್ಲಿ ಅಲ್ಲಿ ಗುಂಡಿಯೇ ಇರಲಿಲ್ಲ. ಸಲಾವುದ್ದೀನ ಕುರ್ಚಿಯಿಂದ ಅರ್ಧ ಎದ್ದು, ಪರದೆಗೆ ತಲೆ ಬಾಗಿಸಿ, ತಾಯಿಗೆ ಕೇಳುವಂತೆ ಜೋರಾಗಿಯೇ ಹೇಳಿದ: "ಆತ್ರಿ. ನೀವೂ ಹುಷಾರ ಇರ್ರಿ."

"ಹ್ಞೂಂ, ಇರ್ತೀನಪಾ," ಎಂದರು ಹನಮಪ್ಪ ಮಾಸ್ತರು ಸ್ಟೂಲಿನ ಮೇಲಿಂದ. ಅದೇ ಕ್ಷಣಕ್ಕೆ ಖಾದರ ಫೋಟೋ ಹೊಡೆದಿದ್ದ. ಮಾಸ್ತರ ಬಾಯಿ ತೆರೆದಿತ್ತು, ಕೈ ಮೇಲಿತ್ತು. ಖಾದರ ಅವರನ್ನು ಮತ್ತೆ ನೆಟ್ಟಗೆ ಕೂರಿಸಿ ಎರಡನೆಯದು ಹೊಡೆಯಬೇಕಾಯಿತು.